ಚಿನ್ನಿಯ ಗಂಟು ಮತ್ತು ಇತರ ಪ್ರಶ್ನೆಗಳು: ಪಶುವೈದ್ಯರ ಉತ್ತರ

ಪ್ರಶ್ನೆ (ಹಾಸನದಿಂದ): ನಮ್ಮ ಪಮೇರಿಯನ್ ಚಿನ್ನಿಗೆ ಒಂಬತ್ತು ವರ್ಷ. ದೀಪಾವಳಿಯ ಹೊತ್ತಿಗೆ ಹಿಂದಿನ ಮೊಲೆಯ ಪಕ್ಕದಲ್ಲಿ ಅವರೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತ್ತು. ಈಗ ನಿಂಬೆಹಣ್ಣಿನಷ್ಟಾಗಿದೆ. ಊಟಕ್ಕಾಗಲಿ ಬೊಗಳುವುದಕ್ಕಾಗಲಿ ಏನೂ ಕೊರತೆಯಿಲ್ಲ. ಅರಿಸಿನ ಮತ್ತು ಬೇವಿನೆಣ್ಣೆ ಹಚ್ಚುತ್ತಿದ್ದೇವೆ. ಕತ್ತಿ ತಾಗಿಸಿದರೆ ಹರಡುತ್ತದೆ, ಸುಮ್ಮನಿರಿ ಎಂದು ನೆಂಟರೊಬ್ಬರು ಹೆದರಿಸಿದ್ದಾರೆ. ಸಂತಾನಹರಣ ಮಾಡಿಸಿಲ್ಲ.

ಉತ್ತರ: ಅರಿಸಿನ ನಿಲ್ಲಿಸಿ. ಅದು ಗಂಟಿನ ತನಕ ಇಳಿಯುವುದೇ ಇಲ್ಲ, ಹಳದಿಯಾಗುವುದು ನಿಮ್ಮ ಸೋಫಾ ಮಾತ್ರ. ಬೇವಿನೆಣ್ಣೆಯನ್ನು ಚಿನ್ನಿ ನೆಕ್ಕಿದರೆ ವಾಂತಿ ಬೇರೆ.

ಹೆಣ್ಣುನಾಯಿಯ ಮೊಲೆಗಂಟುಗಳಲ್ಲಿ ಹೆಚ್ಚುಕಡಿಮೆ ಅರ್ಧ ನಿರುಪದ್ರವಿ, ಅರ್ಧ ಕ್ಯಾನ್ಸರ್. ಯಾವುದು ಯಾವುದೆಂದು ಮುಟ್ಟಿ ಹೇಳಲು ನನ್ನಿಂದಲೂ ಆಗುವುದಿಲ್ಲ. ಸೂಜಿ ಚುಚ್ಚಿ ಜೀವಕೋಶ ತೆಗೆದು ನೋಡುವ ಪರೀಕ್ಷೆ ಬೇರೆ ಗಂಟುಗಳಿಗೆ ಬಹಳ ಉಪಯುಕ್ತ, ಆದರೆ ಮೊಲೆಗಂಟಿನ ವಿಷಯದಲ್ಲಿ ಅದರ ಮಾತನ್ನು ಪೂರ್ತಿ ನಂಬುವಂತಿಲ್ಲ. ಹಾಗಾಗಿ ಸಾಮಾನ್ಯವಾಗಿ ಗಂಟನ್ನೇ ತೆಗೆದು ಪ್ರಯೋಗಾಲಯಕ್ಕೆ ಕಳುಹಿಸುತ್ತೇವೆ. ಗಾತ್ರ ಮುಖ್ಯ: ಮೂರು ಸೆಂಟಿಮೀಟರಿನ ಒಳಗಿದ್ದಾಗ ತೆಗೆದರೆ ಫಲಿತಾಂಶ ಚೆನ್ನಾಗಿರುತ್ತದೆ, ಐದು ದಾಟಿದ ಮೇಲೆ ಕಷ್ಟ. ಚಿನ್ನಿಯ ನಿಂಬೆಹಣ್ಣು ನಾಟಿಯದೋ ಗಜನಿಂಬೆಯೋ ತಿಳಿಯದು. ಸ್ಕೇಲು ಹಿಡಿದು ಅಳೆದು ತಿಳಿಸಿ.

ಕತ್ತಿ ತಾಗಿದರೆ ಹರಡುತ್ತದೆ ಎಂಬ ಮಾತು ಹುಟ್ಟಿದ್ದು, ತಡವಾಗಿ ಬಂದ ನಾಯಿಗಳಿಂದ ಎಂದು ನನ್ನ ಅಂದಾಜು. ರೋಗ ಆಗಲೇ ಶ್ವಾಸಕೋಶ ಸೇರಿರುತ್ತದೆ, ಶಸ್ತ್ರಚಿಕಿತ್ಸೆಯಾದ ಎರಡು ತಿಂಗಳಿಗೆ ನಾಯಿ ಹೋಗುತ್ತದೆ, ಅಪವಾದ ಕತ್ತಿಗೆ. ಅದಕ್ಕೇ ಮೊದಲು ಎದೆಯ ಎಕ್ಸ್‌ರೇ, ರಕ್ತಪರೀಕ್ಷೆ. ಕತ್ತಿ ಬೇಡವೆನ್ನುವ ಮಾತು ನಿಜವಾಗುವುದು ಒಂದೇ ಸಂದರ್ಭದಲ್ಲಿ: ಮೊಲೆಯ ಸಾಲು ಪೂರ್ತಿ ಕೆಂಪಾಗಿ, ಬಿಸಿಯಾಗಿ, ಹಲಗೆಯಂತೆ ಗಟ್ಟಿಯಾಗಿ, ಮುಟ್ಟಿದರೆ ಕಿರುಚುವಂತಿದ್ದರೆ ಅದು ಉರಿಯೂತದ ಬಗೆಯ ಕ್ಯಾನ್ಸರ್ ಇರಬಹುದು. ಅದಕ್ಕೆ ಶಸ್ತ್ರಚಿಕಿತ್ಸೆ ಸಲ್ಲದು.

ಮರುಪ್ರಶ್ನೆ (ಅದೇ ಹಾಸನ): ಅಳೆದೆ, ಎರಡೂವರೆ ಸೆಂಟಿಮೀಟರ್. ಕೆಂಪಾಗಿಲ್ಲ. ಮೊದಲೇ ಸಂತಾನಹರಣ ಮಾಡಿಸಿದ್ದರೆ ತಪ್ಪುತ್ತಿತ್ತೇ? ಒಮ್ಮೆಯಾದರೂ ಮರಿ ಹಾಕಲಿ ಎಂದು ಬಿಟ್ಟೆವು.

ಉತ್ತರ: ಬಹುಮಟ್ಟಿಗೆ ತಪ್ಪುತ್ತಿತ್ತು. 1969ರ ಅಮೆರಿಕದ ಅಧ್ಯಯನವೊಂದರ ಲೆಕ್ಕ ಇಂದಿಗೂ ಚಾಲ್ತಿಯಲ್ಲಿದೆ: ಸಂತಾನಹರಣ ಮಾಡಿಸದ ನಾಯಿಗಿರುವ ಅಪಾಯಕ್ಕೆ ಹೋಲಿಸಿದರೆ, ಮೊದಲ ಬೆದೆಗೆ ಮುನ್ನ ಮಾಡಿಸಿದ್ದಕ್ಕೆ ಶೇಕಡಾ 0.5ರಷ್ಟು, ಒಂದು ಬೆದೆಯ ನಂತರ ಶೇಕಡಾ 8, ಎರಡರ ನಂತರ ಶೇಕಡಾ 26. ಆ ಲೆಕ್ಕ ಅಷ್ಟು ಗಟ್ಟಿಯಲ್ಲ ಎಂದು ಇತ್ತೀಚಿನವರು ತಕರಾರು ತೆಗೆದಿದ್ದಾರೆ, ಆದರೆ ನನ್ನ ಮೇಜಿನ ಮೇಲೆ ಮೊಲೆಗಂಟಿನೊಂದಿಗೆ ಮಲಗುವ ನಾಯಿಗಳಲ್ಲಿ ಎಳೆಯ ವಯಸ್ಸಿನಲ್ಲೇ ಸಂತಾನಹರಣ ಆದವು ಅಪರೂಪ. ಮರಿ ಹಾಕುವುದರಿಂದ ಆರೋಗ್ಯಕ್ಕೆ ಲಾಭವಿಲ್ಲ. ಆದದ್ದಾಯಿತು. ಎರಡೂವರೆ ಎಂದರೆ ಇನ್ನೂ ಒಳ್ಳೆಯ ಹೊತ್ತು, ಈ ವಾರವೇ ತೋರಿಸಿ. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ.

ಪ್ರಶ್ನೆ (ಮೈಸೂರಿನಿಂದ): ನಾವು ಊಟ ಹಾಕುವ ಬೀದಿನಾಯಿ ಕರಿಯನ ಮೂತ್ರದ ಜಾಗದಿಂದ ಹನಿಹನಿ ರಕ್ತ. ಮೂತ್ರದ ಸೋಂಕು ಎಂದು ಎರಡು ಬಾರಿ ಆ್ಯಂಟಿಬಯಾಟಿಕ್ ಕೊಡಿಸಿದೆವು. ನಿಲ್ಲುತ್ತಿಲ್ಲ.

ಉತ್ತರ: ಮುಂದೊಗಲನ್ನು ಹಿಂದಕ್ಕೆ ಸರಿಸಿ ಬುಡದವರೆಗೆ ಯಾರಾದರೂ ನೋಡಿದ್ದಾರೆಯೇ? ಅಲ್ಲಿ ಹೂಕೋಸಿನಂತಹ, ಮುಟ್ಟಿದರೆ ರಕ್ತ ಜಿನುಗುವ ಮಾಂಸದ ಗುಪ್ಪೆ ಇದ್ದರೆ ಅದು ನಮ್ಮ ಬೀದಿನಾಯಿಗಳಲ್ಲಿ ತೀರ ಸಾಮಾನ್ಯವಾದ ಟಿವಿಟಿ, ಅಂದರೆ ಕೂಡುವಾಗ ಹರಡುವ ಗೆಡ್ಡೆ. ಇದೊಂದು ವಿಚಿತ್ರ ಕ್ಯಾನ್ಸರ್. ಕರಿಯನ ಜೀವಕೋಶಗಳು ಕೆಟ್ಟು ಆದದ್ದಲ್ಲ. ಸಾವಿರಾರು ವರ್ಷಗಳ ಹಿಂದೆ ಬದುಕಿದ್ದ ಯಾವುದೋ ಒಂದೇ ನಾಯಿಯ ಕ್ಯಾನ್ಸರ್ ಕೋಶಗಳು ನಾಯಿಯಿಂದ ನಾಯಿಗೆ ದಾಟುತ್ತಾ ಇಂದಿಗೂ ಬದುಕಿವೆ. ನಾಯಿಯ ಕೋಶದಲ್ಲಿ 78 ಕ್ರೋಮೋಸೋಮುಗಳು (ಅನುವಂಶಿಕ ಗುಣಗಳನ್ನು ಹೊತ್ತ ಎಳೆಗಳು) ಇದ್ದರೆ ಈ ಗೆಡ್ಡೆಯ ಕೋಶದಲ್ಲಿ ಅರವತ್ತಕ್ಕೂ ಕಡಿಮೆ. ಮೂಸುವುದು, ನೆಕ್ಕುವುದರಿಂದ ಮೂಗಿಗೂ ಹತ್ತುತ್ತದೆ. ಮನುಷ್ಯರಿಗೆ ಬರುವುದಿಲ್ಲ.

ಕ್ಯಾನ್ಸರ್ ಎಂದಾಕ್ಷಣ ಕೈಚೆಲ್ಲಬೇಡಿ, ಇದು ಬಹುಪಾಲು ಪೂರ್ತಿ ವಾಸಿಯಾಗುವಂಥದ್ದು. ವಾರಕ್ಕೊಮ್ಮೆ ವಿನ್‌ಕ್ರಿಸ್ಟಿನ್ ಎಂಬ ಕ್ಯಾನ್ಸರ್ ಔಷಧಿಯ ಚುಚ್ಚುಮದ್ದು, ಸಾಮಾನ್ಯವಾಗಿ ನಾಲ್ಕರಿಂದ ಆರು ಬಾರಿ. ಪ್ರತಿ ಬಾರಿ ಮುಂಚೆ ಬಿಳಿರಕ್ತಕಣ ಎಣಿಸಬೇಕು. ಔಷಧಿ ರಕ್ತನಾಳದಿಂದ ಹೊರಗೆ ಒಂದು ತೊಟ್ಟು ಸೋರಿದರೂ ಚರ್ಮ ಕೊಳೆಯುತ್ತದೆ, ಆದ್ದರಿಂದ ಇಬ್ಬರು ಗಟ್ಟಿಯಾಗಿ ಹಿಡಿದುಕೊಳ್ಳಿ. ಆಮೇಲಿನ ಕೆಲವು ದಿನ ಅದರ ಮೂತ್ರ, ವಾಂತಿಯನ್ನು ಕೈಗವಸಿಲ್ಲದೆ ಮುಟ್ಟಬೇಡಿ. ಮನೆಯಲ್ಲಿ ಗರ್ಭಿಣಿಯರಿದ್ದರೆ ದೂರವಿರಲಿ. ಸಾಮಾನ್ಯವಾಗಿ ಎರಡು ಮೂರು ಚುಚ್ಚುಮದ್ದಿಗೇ ರಕ್ತ ನಿಂತುಬಿಡುತ್ತದೆ, ಜನ ಬರುವುದನ್ನೂ ನಿಲ್ಲಿಸಿಬಿಡುತ್ತಾರೆ. ಗೆಡ್ಡೆ ಕಣ್ಣಿಗೆ ಕಾಣದಂತಾಗುವವರೆಗೆ ಬಿಡಬೇಡಿ.

ಪ್ರಶ್ನೆ (ಉಡುಪಿಯಿಂದ): ಬಿಳಿ ಬೆಕ್ಕಿನ ಕಿವಿಯ ತುದಿಯಲ್ಲಿ ಹುಣ್ಣು. ಹಕ್ಕಳೆ ಕಟ್ಟುತ್ತದೆ, ಉದುರುತ್ತದೆ, ಮತ್ತೆ ಕಟ್ಟುತ್ತದೆ. ನೋವಿಗೆ ಪ್ಯಾರಾಸಿಟಮಾಲ್ ಕಾಲು ಮಾತ್ರೆ ಕೊಡಬಹುದೇ?

ಉತ್ತರ: ಬೇಡ! ಕಾಲು ಮಾತ್ರೆಯೂ ಬೆಕ್ಕಿನ ಪ್ರಾಣ ತೆಗೆಯಬಲ್ಲದು. ಈಗಾಗಲೇ ಕೊಟ್ಟಿದ್ದರೆ ಇದನ್ನು ಓದುವುದು ಬಿಟ್ಟು ಆಸ್ಪತ್ರೆಗೆ ಓಡಿ. ಬಿಳಿ ಕಿವಿಗೆ ಬಿಸಿಲಿನಿಂದ ಬರುವ ಚರ್ಮದ ಕ್ಯಾನ್ಸರ್ ಹೀಗೆಯೇ ಶುರುವಾಗುತ್ತದೆ. ಚೂರು ತೆಗೆದು ಪರೀಕ್ಷಿಸಿ ಖಚಿತವಾದರೆ ಕಿವಿಯ ಅಷ್ಟು ಭಾಗ ಕತ್ತರಿಸುತ್ತಾರೆ. ಬೇಗ ಮಾಡಿಸಿದರೆ ಅಲ್ಲಿಗೇ ಮುಗಿಯುವ ಸಾಧ್ಯತೆ ಹೆಚ್ಚು. ಬೆಕ್ಕಿಗೆ ಕಿವಿಯ ಅಂದದ ಚಿಂತೆಯಿಲ್ಲ.

ಮರುಪ್ರಶ್ನೆ (ಹಾಸನದಿಂದ): ಎದೆಯ ಎಕ್ಸ್‌ರೇ ಶುಭ್ರ ಬಂದಿದೆ. ಶನಿವಾರ ಬೆಳಿಗ್ಗೆ ಶಸ್ತ್ರಚಿಕಿತ್ಸೆ. ಏನಾದರೂ ನೆನಪಿಡಬೇಕೇ?

ಉತ್ತರ: ಶುಕ್ರವಾರ ರಾತ್ರಿ ಹತ್ತರ ಮೇಲೆ ಊಟ ಬೇಡ, ನೀರು ಬೆಳಿಗ್ಗೆಯವರೆಗೆ ಇರಲಿ. ಸಂತಾನಹರಣವನ್ನೂ ಜೊತೆಗೇ ಮಾಡಬಹುದೇ ಎಂದು ಕೇಳಿ. ಇನ್ನೊಂದು, ನನಗೆ ತೀರ ಸಿಟ್ಟು ತರಿಸುವ ಸಂಗತಿ: ತೆಗೆದ ಗಂಟು ಎಷ್ಟೋ ಕಡೆ ಕಸದ ಬುಟ್ಟಿಗೆ ಹೋಗುತ್ತದೆ. ಆಮೇಲೆ ಅದು ಏನಾಗಿತ್ತೆಂದು ದೇವರಿಗೂ ಗೊತ್ತಾಗುವುದಿಲ್ಲ. ಗಂಟನ್ನು ಪ್ರಯೋಗಾಲಯಕ್ಕೆ ಕಳುಹಿಸಬೇಕೆಂದು ಶುಕ್ರವಾರವೇ ಹೇಳಿಡಿ. ಅಗಲ ಬಾಯಿಯ ಡಬ್ಬಿ, ಗಂಟಿನ ಹತ್ತು ಪಟ್ಟು ಫಾರ್ಮಲಿನ್ (ಮಾಂಸ ಕೊಳೆಯದಂತೆ ಕಾಪಾಡುವ ದ್ರಾವಣ), ಮೇಲೆ ಚಿನ್ನಿಯ ಹೆಸರು, ದಿನಾಂಕ. ಫ್ರೀಜರಿನಲ್ಲಿ ಇಡಬಾರದು. ವರದಿ ಬಂದಾಗ ಇಲ್ಲೇ ಹಾಕಿ, ಓದಿ ಹೇಳುತ್ತೇನೆ.