ಪೇಂಟ್ ಹೊಡೆದರೂ ಬರೀ ತಗಡಿನಂತೆ ಕಾಣಬೇಕು: ಭೋಸರಿಯ ಪೇಂಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (ನಿಗಡಿಯಿಂದ):
ಅಣ್ಣ, ನಮಸ್ಕಾರ. ನನ್ನ ಹತ್ತಿರ ಹಳೇ ಪ್ರೀಮಿಯರ್ ಪದ್ಮಿನಿ ಇದೆ. ಟಿಂಕರಿಂಗ್ ನಡೀತಾ ಇದೆ. ಹಳೇ ಪೇಂಟ್ ಪೂರ್ತಿ ಕಿತ್ತ ಮೇಲೆ ಒಳಗಿನ ತಗಡು ಎಷ್ಟು ಚೆನ್ನಾಗಿ ಕಂಡಿತು ಅಂದರೆ, ಗಾಡಿ ಹೀಗೇ ಇರಲಿ ಅನ್ನಿಸಿದೆ. ತಗಡಿನ ಮೇಲೆ ನೇರವಾಗಿ ಕ್ಲಿಯರ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪೇಂಟ್, ಹೊಡೆಸಿದರೆ ಸಾಕಾ? ಇಲ್ಲಿನ ಗ್ಯಾರೇಜಿನವರು "ಸುಮ್ನೆ ಸಿಲ್ವರ್ ಹೊಡೆಸಿ, ಅದೇ ತರ ಕಾಣುತ್ತೆ" ಅಂತಾರೆ. ನೀವು ಇದೇ ಕೆಲಸದಲ್ಲಿ ಇರುವವರು. ಏನು ಮಾಡಲಿ?

ಉತ್ತರ:
ಎರಡೂ ಬೇಡ.

ಮೊದಲು ಕ್ಲಿಯರ್ ವಿಷಯ. ಪದ್ಮಿನಿಯ ಬಾಡಿ ಸಾದಾ ಉಕ್ಕಿನ ತಗಡು. ಅದನ್ನು ಕಾಪಾಡುವುದು ಕೆಳಗಿನ ಪ್ರೈಮರ್, ಮೇಲಿನ ಹೊಳಪಲ್ಲ. ಕ್ಲಿಯರ್‌ಗೆ ನುಣುಪಾದ ಉಕ್ಕಿನ ಮೇಲೆ ಹಿಡಿತ ಕಡಿಮೆ, ತುಕ್ಕು ತಡೆಯುವ ಗುಣವೂ ಅದರಲ್ಲಿಲ್ಲ. ಗಾಳಿಯ ತೇವ ಅದನ್ನು ದಾಟಿ ನಿಧಾನವಾಗಿ ಒಳಗೆ ಹೋಗುತ್ತದೆ. ಒಂದು ಕಲ್ಲು ಸಿಡಿದು ಚೂರು ಎದ್ದರೆ ಅಲ್ಲಿಂದ ತುಕ್ಕು ದಾರದ ಎಳೆಗಳಂತೆ ಕ್ಲಿಯರ್ ಕೆಳಗೇ ಹರಿಯುತ್ತದೆ. ಬಣ್ಣ ಇದ್ದರೆ ಸ್ವಲ್ಪ ದಿನ ಮುಚ್ಚಿರುತ್ತಿತ್ತು. ಇಲ್ಲಿ ಮೊದಲ ದಿನದಿಂದ ಎಲ್ಲರಿಗೂ ಕಾಣುತ್ತದೆ. ಆಮೇಲೆ ರಿಪೇರಿ ಅಂದರೆ ಪೂರ್ತಿ ಕಿತ್ತು ಮತ್ತೆ ಮೊದಲಿನಿಂದ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಪುಣೆ ಮಳೆ ಹೇಗಿರುತ್ತೆ ಅಂತ ನಿಮಗೇ ಗೊತ್ತು.

"ಡೆಲೋರಿಯನ್ ಕಾರಿಗೆ ಪೇಂಟೇ ಇರಲಿಲ್ಲವಲ್ಲ" ಅಂತ ಯಾರಾದರೂ ಹೇಳಬಹುದು. ನಿಜ, 1981ರಿಂದ ಬಂದ ಆ ಕಾರಿನ ಹೊರಮೈಗೆ ಪೇಂಟೂ ಇಲ್ಲ, ಕ್ಲಿಯರೂ ಇಲ್ಲ. ಆದರೆ ಅದು 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ನಿಮ್ಮ ತಗಡಿನ ಜಾತಿಯೇ ಬೇರೆ.

ಇನ್ನು ಸಿಲ್ವರ್. ಸಾದಾ ಸಿಲ್ವರ್ ಹೊಡೆದರೆ ಸಿಲ್ವರ್ ಕಾರು ಆಗುತ್ತದೆ, ಅಷ್ಟೆ. ನೀವು ಕಿತ್ತ ತಗಡನ್ನು ಇನ್ನೊಮ್ಮೆ ಹತ್ತಿರ ಹೋಗಿ ನೋಡಿ. ಅದರ ಬಣ್ಣ ಒಂದೇ ಸಮ ಇಲ್ಲ. ಪೇಪರ್ ಉಜ್ಜಿದ ದಿಕ್ಕಿಗೆ ಸಣ್ಣ ಗೆರೆಗಳಿವೆ. ಗೆರೆಯ ಒಳಗೆ ಕಪ್ಪು ನೆರಳಿದೆ. ಬೆಸುಗೆ ಇದ್ದಲ್ಲಿ ನೀಲಿ, ಕಂದು. ಹೊಳಪು ಇದೆ, ಆದರೆ ಕನ್ನಡಿ ಹೊಳಪಲ್ಲ. ಲೋಹ ಅಂತ ಕಣ್ಣು ನಂಬುವುದು ಇವುಗಳಿಂದ. ಅದನ್ನೆಲ್ಲ ಪೇಂಟಲ್ಲಿ ತರಬಹುದು, ಕೆಳಗೆ ಪ್ರೈಮರ್ ಭದ್ರವಾಗಿ ಇಟ್ಟುಕೊಂಡೇ.

ಪ್ರಶ್ನೆ (ನಿಗಡಿಯಿಂದ):
ಹಾಗಾದರೆ ಅದನ್ನೇ ಮಾಡೋಣ ಅಣ್ಣ. ಕೆಳಗಿನಿಂದ ಮೇಲಿನವರೆಗೆ ಬಿಡಿಸಿ ಹೇಳುತ್ತೀರಾ? ಗ್ಯಾರೇಜಿನವರಿಗೆ ತೋರಿಸಬೇಕು.

ಉತ್ತರ:
ಹೇಳುತ್ತೇನೆ. ಸ್ವಲ್ಪ ಉದ್ದವಾಗುತ್ತೆ, ಬೇಜಾರು ಮಾಡ್ಕೋಬೇಡಿ.

ಕಿತ್ತ ತಗಡನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆವರಿನ ಬೆರಳಚ್ಚೇ ತುಕ್ಕು ಹಿಡಿಯುತ್ತದೆ. ಎಣ್ಣೆ, ಜಿಡ್ಡು ಒರೆಸಿ, ಕಿತ್ತ ದಿನವೇ ಎಪಾಕ್ಸಿ ಪ್ರೈಮರ್ ಹೊಡೆಸಿ. ಪುಟ್ಟಿ ಅದರ ಮೇಲೆ ಬರಲಿ. ಪುಟ್ಟಿಯಾದ ಮೇಲೆ ಸರ್ಫೇಸರ್, ಅಂದರೆ ಸಣ್ಣ ಗೀರು ತುಂಬುವ ದಪ್ಪ ಪ್ರೈಮರ್, ಅದರ ಮೇಲೆ ಗೈಡ್ ಕೋಟ್, ಅಂದರೆ ತೆಳ್ಳಗೆ ಉದುರಿಸಿದ ಕಪ್ಪು ಬಣ್ಣ. ಉದ್ದನೆಯ ಬ್ಲಾಕಿಗೆ ಪೇಪರ್ ಕಟ್ಟಿ ಉಜ್ಜಿ. ತಗ್ಗಿದ್ದಲ್ಲಿ ಕಪ್ಪು ಉಳಿಯುತ್ತದೆ, ಉಬ್ಬಿದ್ದಲ್ಲಿ ಬೇಗ ಹೋಗುತ್ತದೆ. ಬಿಳಿ ಕಾರಿನಲ್ಲಿ ಅಡಗುವ ಅಲೆಗಳೆಲ್ಲ ಲೋಹದ ಬಣ್ಣದಲ್ಲಿ ಎದ್ದು ಕಾಣುತ್ತವೆ. ಹಾಗಾಗಿ ಬಜೆಟ್‌ನಲ್ಲಿ ಜಾಸ್ತಿ ಪಾಲು ಇಲ್ಲಿಗೇ ಇಡಿ. ದುಬಾರಿ ಡಬ್ಬಿ ತಂದು ಈ ಉಜ್ಜುವ ಕೆಲಸದಲ್ಲಿ ಉಳಿಸುವವರನ್ನು ನೋಡಿದರೆ ನನಗೆ ನಿಜವಾಗಿ ಸಂಕಟ ಆಗುತ್ತೆ. ಕೊನೆಗೆ 600 ನಂಬರ್ ಪೇಪರ್‌ವರೆಗೆ ಬನ್ನಿ.

ಈಗ ಅಸಲು ಕೆಲಸ. ಮೊದಲು ಕಪ್ಪು. ಇದು ಟೂ-ಕೆ ಕಪ್ಪೇ ಆಗಿರಬೇಕು, ಅಂದರೆ ಪೇಂಟನ್ನು ಗಟ್ಟಿ ಮಾಡುವ ಹಾರ್ಡನರ್ ಬೆರೆಸಿದ್ದು. ಚೆನ್ನಾಗಿ ಗಟ್ಟಿಯಾಗಲು ಬಿಡಿ. ಅವಸರ ಮಾಡಿದರೆ ಮುಂದೆ ಹೊಡೆಯುವ ಸಿಲ್ವರ್‌ನ ತಿನ್ನರ್, ಈ ಕಪ್ಪಿನ ಮೇಲೆ ನಾವು ಎಳೆಯುವ ಗೆರೆಗಳ ಒಳಗೆ ಇಳಿದು ಅವುಗಳನ್ನು ಉಬ್ಬಿಸಿಬಿಡುತ್ತದೆ.

ಗಟ್ಟಿಯಾದ ಕಪ್ಪಿನ ಮೇಲೆ ಗೆರೆ ಎಳೆಯಬೇಕು. ಸ್ಕಾಚ್‌ಬ್ರೈಟ್‌ನ ಕೆಂಪು ಪ್ಯಾಡ್ ದಪ್ಪ ಗೆರೆಗೆ, ಬೂದು ಪ್ಯಾಡ್ ಸಣ್ಣ ಗೆರೆಗೆ. ಎರಡನ್ನೂ ಬೆರೆಸಿ, ಗೆರೆಗಳೆಲ್ಲ ಒಂದೇ ದಪ್ಪ ಇದ್ದರೆ ಸ್ಟಿಕ್ಕರ್ ತರ ಕಾಣುತ್ತೆ. ಒಂದೇ ದಿಕ್ಕು, ಗಾಡಿಯ ಉದ್ದಕ್ಕೆ. ಪಕ್ಕದಲ್ಲಿ ನೇರವಾದ ಮರದ ಪಟ್ಟಿ ಹಿಡಿದು ಪ್ಯಾಡನ್ನು ಅದರ ಗುಂಟ ಎಳೆಯಿರಿ. ಕೈ ಸಹಜವಾಗಿ ಕಮಾನಾಗಿ ತಿರುಗುತ್ತದೆ, ಪಟ್ಟಿ ಅದನ್ನು ತಡೆಯುತ್ತದೆ. ಪ್ಯಾನೆಲ್ ನಡುವೆ ಕೈ ನಿಲ್ಲಿಸಬೇಡಿ. ಗೆರೆ ಅಂಚು ದಾಟಿ ಹೊರಗೆ ಹೋಗಲಿ. ಅಂಚಿನ ಮೇಲೆ ಮಾತ್ರ ಒತ್ತಬೇಡಿ, ಅಲ್ಲಿ ಪೇಂಟ್ ತೆಳ್ಳಗಿರುತ್ತೆ.

ಇದರ ಮೇಲೆ ಸಿಲ್ವರ್. ಸಿಕ್ಕುವುದರಲ್ಲಿ ಅತಿ ಸಣ್ಣ ಚಕ್ಕೆಯದ್ದನ್ನು ತನ್ನಿ. ದಪ್ಪ ಚಕ್ಕೆ ಬಿಸಿಲಲ್ಲಿ ಮಿನುಗುತ್ತದೆ. ಉಕ್ಕು ಮಿನುಗುವುದಿಲ್ಲ ಅಲ್ವಾ? 1.2 ಅಥವಾ 1.3 ಮಿ.ಮೀ. ನಾಜಲ್ ಇರುವ ಗನ್ ಸಾಕು. ಗಾಳಿಯ ಒತ್ತಡ ಡಬ್ಬಿಯ ಕಂಪನಿ ಹೇಳಿದಷ್ಟೇ ಇಡಿ. ಮಂಜಿನಂತೆ ತೆಳ್ಳಗೆ, ಬಿಟ್ಟು ಬಿಟ್ಟು ಹೊಡೆಯಬೇಕು. ಸಿಲ್ವರ್ ಅಂದರೆ ಅಲ್ಯೂಮಿನಿಯಂನ ಚಪ್ಪಟೆ ಚಕ್ಕೆಗಳು. ತೆಳ್ಳಗೆ ಬಿದ್ದರೆ ಅಂಗಾತ ಮಲಗುತ್ತವೆ, ಬೆಳಕು ವಾಪಸ್ ಬರುತ್ತದೆ. ಒದ್ದೆಯಾಗಿ ಸುರಿದರೆ ಅದರೊಳಗೆ ತೇಲಿ ಅಡ್ಡಾದಿಡ್ಡಿ ನಿಲ್ಲುತ್ತವೆ, ಅಲ್ಲಲ್ಲಿ ಕಪ್ಪು ಮೋಡದಂತೆ ಕಲೆ ಆಗುತ್ತದೆ.

ಎಲ್ಲಿ ನಿಲ್ಲಿಸಬೇಕು ಅನ್ನುವುದೇ ಇಡೀ ಕೆಲಸದ ಕಷ್ಟದ ಜಾಗ. ಗೆರೆಗಳೊಳಗೆ ಕಪ್ಪು ಇನ್ನೂ ಚೂರು ಕಾಣುತ್ತಿರುವಾಗಲೇ ಗನ್ ಕೆಳಗಿಡಿ. ಪೂರ್ತಿ ಮುಚ್ಚಿದಿರೋ, ಗ್ಯಾರೇಜಿನವರು ಹೇಳಿದ ಸಿಲ್ವರ್ ಕಾರೇ ಬಂತು. ಅಲಾಯ್ ಚಕ್ರಗಳಿಗೆ ಹೈಪರ್ ಸಿಲ್ವರ್ ಅಂತ ಹೊಡೆಯುತ್ತಾರಲ್ಲ, ಅದರ ಆಳವೂ ಹೀಗೇ ಬರುವುದು: ಕೆಳಗೆ ಕಪ್ಪು, ಮೇಲೆ ತೆಳು ಸಿಲ್ವರ್.

ಸಿಲ್ವರ್ ಮೊದಲು ಹೊಡೆದು ಆಮೇಲೆ ಗೆರೆ ಎಳೆಯುವವರೂ ಇದ್ದಾರೆ. ಚಿಕ್ಕ ಭಾಗಕ್ಕೆ ಸರಿ. ಇಡೀ ಗಾಡಿಗೆ ನಾನು ಒಪ್ಪುವುದಿಲ್ಲ. ಆ ತೆಳು ಪದರ ಒಂದೆಡೆ ಹರಿದು ಹೋಗುತ್ತೆ, ಇನ್ನೊಂದೆಡೆ ಉಳಿಯುತ್ತೆ.

ಪ್ರಶ್ನೆ (ನಿಗಡಿಯಿಂದ):
ಬೆಸುಗೆಯ ಹತ್ತಿರದ ನೀಲಿ ಬಣ್ಣ ಅಂದಿರಿ. ಅದನ್ನೂ ಪೇಂಟಲ್ಲಿ ತರಬಹುದಾ? ಕೊನೆಗೆ ಕ್ಲಿಯರ್ ಯಾವುದು?

ಉತ್ತರ:
ತರಬಹುದು, ನನಗೆ ತುಂಬ ಇಷ್ಟದ ಕೆಲಸ ಅದು. ಆದರೆ ಬಣ್ಣಗಳ ಕ್ರಮ ತಪ್ಪಬಾರದು. ಉಕ್ಕು ಕಾದಾಗ ಸುಮಾರು 220 ಡಿಗ್ರಿ ಸೆಲ್ಸಿಯಸ್‌ಗೆ ಒಣಹುಲ್ಲಿನ ಹಳದಿ ಬರುತ್ತದೆ. ಇನ್ನೂ ಕಾದರೆ ಕಂದು, ಆಮೇಲೆ ನೇರಳೆ, 300ರ ಹತ್ತಿರ ನೀಲಿ. ಬೆಸುಗೆಯ ಹತ್ತಿರ ಶಾಖ ಜಾಸ್ತಿ. ಹಾಗಾಗಿ ನೀಲಿ ಬೆಸುಗೆಯ ಕಡೆಗೆ, ಆಮೇಲೆ ನೇರಳೆ, ಕಂದು, ಎಲ್ಲಕ್ಕಿಂತ ಹೊರಗೆ ಹಳದಿ. ಎಷ್ಟೋ ಜನ ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಬೆಸುಗೆ ಕೆಲಸ ಗೊತ್ತಿರುವವರು ಒಂದೇ ನೋಟಕ್ಕೆ ಹಿಡಿಯುತ್ತಾರೆ. ಪಾರದರ್ಶಕ ಕ್ಯಾಂಡಿ ಬಣ್ಣ, ಏರ್‌ಬ್ರಷ್, ಬೆರಳಗಲದ ಜಾಗ ಸಾಕು. ಬಾಗಿಲ ಸಂದು, ಹಿಡಿಯ ಸುತ್ತ, ಮಡಿಕೆಗಳಲ್ಲಿ ನೀರಾಗಿಸಿದ ಪಾರದರ್ಶಕ ಕಪ್ಪಿನ ನೆರಳು ಕೊಡಿ. ಒಂದು ಪ್ಯಾನೆಲ್ ಪಕ್ಕದ್ದಕ್ಕಿಂತ ಒಂದು ಎಳೆ ಗಾಢವಾಗಿದ್ದರೂ ನಡೆಯುತ್ತೆ. ನಿಜವಾದ ತಗಡೂ ಹಾಗೇ ಇರುವುದು.

ಕ್ಲಿಯರ್ ಸ್ಯಾಟಿನ್, ಅಂದರೆ ಅರೆಹೊಳಪಿನದು ಆಗಿರಲಿ. ಪೂರ್ತಿ ಹೊಳೆಯುವ ಗ್ಲಾಸಿ ಕ್ಲಿಯರ್ ಹೊಡೆದರೆ ಇಷ್ಟು ಹೊತ್ತು ಮಾಡಿದ್ದೆಲ್ಲ ಗಾಜಿನ ಕೆಳಗೆ ಹೋದಂತೆ ಆಗುತ್ತೆ. ಆದರೆ ಸ್ಯಾಟಿನ್‌ಗೆ ಒಂದು ಕಷ್ಟ ಇದೆ. ಧೂಳು ಕೂತರೆ ಪಾಲಿಶ್ ಮಾಡಿ ತೆಗೆಯಲು ಬರುವುದಿಲ್ಲ, ಉಜ್ಜಿದ ಜಾಗ ಹೊಳೆಯಲು ಶುರುವಾಗುತ್ತೆ. ಅದಕ್ಕೆ ಮೊದಲು ಗ್ಲಾಸಿ ಕ್ಲಿಯರ್ ಹೊಡೆದು, ಅದು ಗಟ್ಟಿಯಾದ ಮೇಲೆ 800 ನಂಬರ್ ವಾಟರ್ ಪೇಪರ್‌ನಿಂದ ಸಮ ಮಾಡಿ, ಕೊನೆಯ ಕೋಟ್ ಮಾತ್ರ ಸ್ಯಾಟಿನ್ ಹೊಡೆಸಿ. ಸಿಲ್ವರ್ ಮೇಲಿನ ಮೊದಲ ಕ್ಲಿಯರ್ ಕೋಟ್ ತೆಳ್ಳಗಿರಲಿ, ಇಲ್ಲದಿದ್ದರೆ ಅದರ ತಿನ್ನರ್ ಮಲಗಿದ ಚಕ್ಕೆಗಳನ್ನು ಎಬ್ಬಿಸುತ್ತದೆ.

ಪ್ರಶ್ನೆ (ವಾಕಡ್‌ನಿಂದ):
ಸರ್, ಕ್ರೋಮ್ ಪೇಂಟ್ ಅಂತ ಕನ್ನಡಿ ತರ ಹೊಳೆಯುವುದು ಸಿಗುತ್ತಲ್ಲ, ಅದು ಇದಕ್ಕಿಂತ ಸುಲಭ ಅಲ್ವಾ? ಅಥವಾ ಗಾಡಿಗೆ ಅಂಟಿಸುವ, ಸ್ಟೀಲ್ ಗೆರೆ ಇರುವ ರ‍್ಯಾಪ್ ಫಿಲ್ಮ್?

ಉತ್ತರ:
ಮೇಡಂ, ಕ್ರೋಮ್ ಪೇಂಟಿನ ಚಕ್ಕೆಗಳು ಸಾದಾ ಸಿಲ್ವರ್‌ಗಿಂತ ಎಷ್ಟೋ ಪಟ್ಟು ತೆಳು. ನಿರ್ವಾತದಲ್ಲಿ ಲೋಹದ ಆವಿಯನ್ನು ಫಿಲ್ಮಿನ ಮೇಲೆ ಕೂರಿಸಿ, ಎಬ್ಬಿಸಿ, ಪುಡಿ ಮಾಡಿದ್ದು. ಹೊಳೆಯುವ ಕಪ್ಪಿನ ಮೇಲೆ ಹೊಡೆದರೆ ಕನ್ನಡಿ ಹತ್ತಿರ ಬರುತ್ತದೆ. ಆದರೆ ಕ್ಲಿಯರ್ ಬಿದ್ದ ಕೂಡಲೇ ಎಷ್ಟೋ ಸಲ ಬೂದು ತಿರುಗುತ್ತೆ, ಕ್ಲಿಯರ್ ಇಲ್ಲದಿದ್ದರೆ ಬೆರಳು ತಾಗಿದರೂ ಹೋಗುತ್ತೆ. ಹೆಲ್ಮೆಟ್, ಬೈಕ್ ಟ್ಯಾಂಕ್, ಪಟ್ಟಿಗಳಿಗೆ ಸರಿ. ಇವರು ಕೇಳುತ್ತಿರುವುದು ಉಕ್ಕು, ಕನ್ನಡಿ ಅಲ್ಲ.

ಫಿಲ್ಮ್ ಹೊಸ ಕಾರಿಗೆ ಒಳ್ಳೆಯದು, ಬೇಡ ಅಂದಾಗ ಕೀಳಬಹುದು. ಪದ್ಮಿನಿಯ ದುಂಡು ಮಡ್‌ಗಾರ್ಡ್ ಮೇಲೆ ಫಿಲ್ಮನ್ನು ಬಿಸಿ ಮಾಡಿ ಎಳೆಯಲೇಬೇಕು. ಎಳೆದಲ್ಲಿ ಅಚ್ಚಾದ ಗೆರೆಗಳೂ ಸೊಟ್ಟಗಾಗುತ್ತವೆ.

ಪ್ರಶ್ನೆ (ಗೋವಾದ ವಾಸ್ಕೋದಿಂದ):
ಅಣ್ಣ, ನಮ್ಮದು ಹಳೇ ಜೀಪು. ಮಿಲಿಟರಿ ಹಸಿರು ಸವೆದು ಕೆಳಗಿನ ತಗಡು ಕಾಣುವ ಹಾಗೆ ಮಾಡಿಸಬೇಕು ಅಂತ ಆಸೆ. ಸಮುದ್ರದ ಗಾಳಿಗೆ ತಡೆಯುತ್ತಾ?

ಉತ್ತರ:
ಆಲಿವ್ ಹಸಿರು ಬೇಡವೇ ಬೇಡ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದ ಪ್ರಕಾರ ಆ ಬಣ್ಣ ರಕ್ಷಣಾ ಇಲಾಖೆಯ ಗಾಡಿಗಳಿಗೆ ಮಾತ್ರ. ಬೇರೆ ಬಣ್ಣ ಆರಿಸಿಕೊಂಡು ಸವೆದ ನೋಟ ತರಬಹುದು. ಕೈ ತಾಗುವ ಜಾಗ, ಕಾಲಿಡುವ ಅಂಚು, ಬಾನೆಟ್ ಕೊಕ್ಕೆಯ ಸುತ್ತ, ಇಂಥ ಕಡೆ ಮಾತ್ರ. ಸವೆಯದ ಜಾಗದಲ್ಲಿ ಸವೆತ ತೋರಿಸಿದರೆ ಸುಳ್ಳು ಅಂತ ಗೊತ್ತಾಗುತ್ತೆ.

ನಿಮ್ಮ ಕಡೆ ಉಪ್ಪು ಗಾಳಿ, ಆದ್ದರಿಂದ ಹೊರಗಿನ ಪೇಂಟಿಗಿಂತ ಒಳಗಿನ ಸಂದುಗಳ ಚಿಂತೆ ಮಾಡಿ. ತಗಡು ತಗಡಿಗೆ ಕೂಡುವ ಕಡೆ ಎಪಾಕ್ಸಿ, ಮೇಲೆ ಸೀಲರ್. ಟೊಳ್ಳು ಭಾಗಗಳ ಒಳಗೆ ಮೇಣದ ಸ್ಪ್ರೇ. ನೀರು ಹೋಗುವ ತೂತುಗಳು ಪುಟ್ಟಿಯಲ್ಲಿ ಮುಚ್ಚಿಹೋಗದಂತೆ ನೋಡಿಕೊಳ್ಳಿ.

ಪ್ರಶ್ನೆ (ಮುಂಬೈನ ಮಾಟುಂಗಾದಿಂದ):
ತಮ್ಮಾ, ವಯಸ್ಸಾದವನು ಕೇಳುತ್ತೇನೆ, ತಪ್ಪು ತಿಳಿಯಬೇಡ. ಲೋಹವನ್ನು ಮುಚ್ಚಿ ಅದರ ಮೇಲೆ ಲೋಹದ ಚಿತ್ರ ಬರೆಯುವುದು ಮೋಸ ಅಲ್ಲವೇ?

ಉತ್ತರ:
ತಪ್ಪೇನಿಲ್ಲ ಕಾಕಾ, ಕೇಳಲೇಬೇಕಾದ ಮಾತು. ಎರಡನೇ ಮಹಾಯುದ್ಧದ ಪಿ-51 ಮಸ್ಟ್ಯಾಂಗ್ ವಿಮಾನ ಕೇಳಿರುತ್ತೀರಿ. ಫೋಟೋಗಳಲ್ಲಿ ಪೂರ್ತಿ ಬರೀ ಅಲ್ಯೂಮಿನಿಯಂ ಅನ್ನಿಸುತ್ತೆ. ಆದರೆ ರೆಕ್ಕೆಯ ಸಂದುಗಳಿಗೆ, ರಿವೆಟ್‌ಗಳಿಗೆ ಕಾರ್ಖಾನೆಯಲ್ಲೇ ಪುಟ್ಟಿ ತುಂಬಿ, ಉಜ್ಜಿ, ಮೇಲೆ ಸಿಲ್ವರ್ ಪೇಂಟ್ ಹೊಡೆಯುತ್ತಿದ್ದರು. ಗಾಳಿ ನುಣುಪಾಗಿ ಹರಿಯಲಿ ಅಂತ. ಅಲ್ಲೂ ಲೋಹದ ಮೇಲೆ ಲೋಹದ ಬಣ್ಣವೇ, ಒಂದು ಕೆಲಸಕ್ಕಾಗಿ. ಇಲ್ಲಿ ನಮ್ಮ ಕೆಲಸ ಕುರ್ಲಾದಲ್ಲಿ ತಯಾರಾದ ಹಳೇ ಗಾಡಿಯೊಂದನ್ನು ತುಕ್ಕಿನಿಂದ ಉಳಿಸುವುದು. ಮಾರುವಾಗ ಇದು ಪೇಂಟ್ ಅಂತ ಹೇಳಿದರೆ ಮೋಸ ಎಲ್ಲಿಂದ ಬಂತು?

ಪ್ರಶ್ನೆ (ನಿಗಡಿಯಿಂದ):
ಆರ್‌ಟಿಒ ಬಗ್ಗೆ ಹೇಳಿ ಅಣ್ಣ. ನನ್ನದು ಎಂಎಚ್ 14 ಗಾಡಿ, ಆರ್‌ಸಿಯಲ್ಲಿ ಬಿಳಿ ಅಂತ ಇದೆ. ಇನ್ನೊಂದು, ಇದನ್ನು ನಮ್ಮ ಸೊಸೈಟಿಯ ಪಾರ್ಕಿಂಗ್‌ನಲ್ಲೇ ಮಾಡಿಕೊಳ್ಳಬಹುದಾ?

ಉತ್ತರ:
ಬಣ್ಣ ಆರ್‌ಸಿಯಲ್ಲಿ ದಾಖಲಾಗಿರುತ್ತೆ. ಹಾಗಾಗಿ ಪೇಂಟ್ ಹೊಡೆಸುವ ಮೊದಲೇ ಪಿಂಪ್ರಿ-ಚಿಂಚವಡ ಆರ್‌ಟಿಒಗೆ ಹೋಗಿ, ಈ ಬಣ್ಣವನ್ನು ಏನೆಂದು ಬರೆಯುತ್ತಾರೆ ಕೇಳಿ, ಆರ್‌ಸಿಯಲ್ಲಿ ಬದಲಾವಣೆ ಮಾಡಿಸಿ. ವಿಮೆ ಕಂಪನಿಗೂ ಬರೆದು ತಿಳಿಸಿ.

ಪಾರ್ಕಿಂಗ್ ವಿಷಯದಲ್ಲಿ ಗಟ್ಟಿಯಾಗಿ ಹೇಳುತ್ತೇನೆ. ಉಜ್ಜುವುದು, ಗೆರೆ ಎಳೆಯುವುದು ನೀವೇ ಮಾಡಿ, ಮಾಡಲೇಬೇಕು. ಧೂಳಿಗೆ ಮಾಸ್ಕ್ ಹಾಕಿಕೊಳ್ಳಿ, ಅಷ್ಟೆ. ಆದರೆ ಹಾರ್ಡನರ್ ಹಾಕಿದ ಕಪ್ಪು, ಕ್ಲಿಯರ್ ಯಾವುದನ್ನೂ ಅಲ್ಲಿ ಹೊಡೆಯಬೇಡಿ. ಆ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇರುತ್ತೆ. ಅದರಿಂದ ಅಸ್ತಮಾ ಬರುತ್ತದೆ. ಒಮ್ಮೆ ದೇಹಕ್ಕೆ ಅದು ಒಗ್ಗದೆ ಹೋದರೆ ಆಮೇಲೆ ಚೂರು ಹಬೆ ತಾಗಿದರೂ ಉಸಿರು ಕಟ್ಟುತ್ತೆ. ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಗನ್ ಹಿಡಿಯುವ ಹುಡುಗರನ್ನು ಈಗಲೂ ನೋಡುತ್ತೇನೆ, ಹೊಟ್ಟೆ ಉರಿಯುತ್ತೆ. ಹೊರಗಿನಿಂದ ಶುದ್ಧ ಗಾಳಿ ಕೊಡುವ ಮಾಸ್ಕ್ ಮತ್ತು ಬೂತ್ ಇದ್ದ ಕಡೆ ಮಾತ್ರ ಮಾಡಿಸಿ. ನಿಮ್ಮ ಗ್ಯಾರೇಜಿನವರ ಹತ್ತಿರ ಆ ಮಾಸ್ಕ್ ಇದೆಯಾ ಅಂತ ಮೊದಲು ಕೇಳಿ.

ಮಳೆಗಾಲದಲ್ಲಿ ಬೇಡ. ತೇವಕ್ಕೆ ಕ್ಲಿಯರ್ ಒಳಗೆ ಗುಳ್ಳೆ, ಮಬ್ಬು ಬರುತ್ತೆ. ದೀಪಾವಳಿ ಆದ ಮೇಲೆ ಒಳ್ಳೆಯ ಕಾಲ.

ಪ್ರಶ್ನೆ (ವಾಕಡ್‌ನಿಂದ):
ಮುಂದೆ ಯಾರಾದರೂ ಬೈಕಿನಲ್ಲಿ ಗೀರಿ ಹೋದರೆ? ಟಚಪ್ ಆಗುತ್ತಾ?

ಉತ್ತರ:
ಇಲ್ಲ ಮೇಡಂ. ಅಂಚಿನಿಂದ ಅಂಚಿಗೆ ಇಡೀ ಪ್ಯಾನೆಲ್ ಮತ್ತೆ ಮಾಡಬೇಕು, ಯಾಕೆಂದರೆ ಗೆರೆ ನಡುವಿನಿಂದ ಶುರುವಾಗಲು ಬರುವುದಿಲ್ಲ. ಅದಕ್ಕೇ ಯಾವ ಡಬ್ಬಿ, ಯಾವ ಪ್ಯಾಡ್, ಎಷ್ಟು ಕೋಟ್ ಅಂತ ಒಂದು ತಗಡಿನ ಚೂರಿನ ಹಿಂದೆ ಬರೆದು, ಅದೇ ಚೂರಿನ ಮುಂದೆ ಅದೇ ಪೇಂಟ್ ಹೊಡೆದು ಇಟ್ಟುಕೊಳ್ಳಬೇಕು.

ನಿಗಡಿಯಿಂದ:
ತುಂಬ ಉಪಕಾರ ಆಯಿತು ಅಣ್ಣ. ಗ್ಯಾರೇಜಿನಲ್ಲಿ ಒಂದು ಹಳೇ ಬಾನೆಟ್ ಬಿದ್ದಿದೆ. ಮೊದಲು ಅದರ ಮೇಲೆ ಮಾಡಿ ನೋಡಿ ಫೋಟೋ ಹಾಕುತ್ತೇನೆ.

ಉತ್ತರ:
ಹಾಕಿ. ಅರ್ಧಕ್ಕೆ ಕೆಂಪು ಪ್ಯಾಡ್, ಇನ್ನರ್ಧಕ್ಕೆ ಬೂದು ಪ್ಯಾಡ್ ಎಳೆಯಿರಿ. ಫೋಟೋ ಟ್ಯೂಬ್‌ಲೈಟ್ ಕೆಳಗೆ ಬೇಡ, ಹೊರಗೆ ತಂದು ಸಂಜೆ ಬಿಸಿಲಲ್ಲಿ ಪಕ್ಕದಿಂದ ತೆಗೆಯಿರಿ. ಸಿಲ್ವರ್ ಜಾಸ್ತಿ ಆಗಿದೆಯಾ ಅಂತ ಅದರಲ್ಲಿ ಗೊತ್ತಾಗುತ್ತೆ.