ಒತ್ತಕ್ಷರ ಒಡೆದರೆ ಫಾಂಟನ್ನು ಬೈಯಬೇಡಿ: ಗುಂಪಿನ ಪ್ರಶ್ನೋತ್ತರ

ಅಡ್ಮಿನ್: ಕೊಡಗಿನಲ್ಲಿ ಪ್ರೋಗ್ರಾಮ್ ಬರೆಯುವವರ ಗುಂಪಿಗೆ ಇವತ್ತು ಮೇಡಂ ಬಂದಿದ್ದಾರೆ. ಪ್ರೋಗ್ರಾಮ್ ಪರದೆಯಲ್ಲಿ ಕಾಣುವ ಫಾಂಟ್, ಬಟನ್, ಪಟ್ಟಿ, ಕಿಟಕಿ, ಇದೇ ಅವರ ದಿನದ ಕೆಲಸ. ಕೇಳುವಾಗ ನಿಮ್ಮ ಊರು, ಯಾವ ಲೈಬ್ರರಿ (ಪರದೆ ಬಿಡಿಸುವ ಸಿದ್ಧ ಕೋಡ್), ಯಾವ ಸಿಸ್ಟಮ್ ಅಂತ ಬರೆಯಿರಿ.

ಕುಶಾಲನಗರ: ನಮಸ್ತೆ ಮೇಡಂ. ಪೈಥಾನ್, ಅದರ ಕಿಟಕಿ ಲೈಬ್ರರಿ ಟಿಕಿಂಟರ್, ವಿಂಡೋಸ್. ಅದರಲ್ಲಿ ಥೀಮ್ ಪ್ರಕಾರ ಕಾಣುವ ಟಿಟಿಕೆ ಬಟನ್‌ಗೆ ಹಸಿರು ಬಣ್ಣ ಕೊಟ್ಟೆ. ಅಂಚು ಮಾತ್ರ ಹಸಿರಾಗುತ್ತದೆ, ಬಟನ್ ಬೂದು ಬಣ್ಣದಲ್ಲೇ ಇದೆ.

ಮೇಡಂ: ನಮಸ್ತೆ. ವಿಂಡೋಸ್‌ನ ಮಾಮೂಲಿ ಥೀಮ್‌ನಲ್ಲಿ ಬಟನ್ನಿನ ಮುಖ ಬಿಡಿಸುವುದು ವಿಂಡೋಸೇ. ನಿಮ್ಮ ಬಣ್ಣ ಅಲ್ಲಿಗೆ ತಲುಪುವುದಿಲ್ಲ. ಥೀಮ್ ಅನ್ನು ಟಿಕಿಂಟರೇ ಬಿಡಿಸುವ ‘ಕ್ಲಾಮ್’ ಮಾಡಿ, ಆಮೇಲೆ ಸ್ಟೈಲ್ ಕಾನ್ಫಿಗರ್‌ನಲ್ಲಿ ಬಣ್ಣ ಕೊಡಿ. ಮೌಸ್ ಮೇಲೆ ಬಂದಾಗಿನ ಬಣ್ಣಕ್ಕೆ ಸ್ಟೈಲ್ ಮ್ಯಾಪ್ ಬೇರೆ ಬರೆಯಬೇಕು.

ಗೋಣಿಕೊಪ್ಪ: ಮೇಡಂ, ಕಾಫಿ ತೂಕ ಹಾಕುವ ಕೌಂಟರ್‌ಗೆ ಟಿಕಿಂಟರ್‌ನಲ್ಲಿ ಪ್ರೋಗ್ರಾಮ್ ಬರೆದುಕೊಟ್ಟಿದ್ದೇನೆ. ಬೆಳೆಗಾರರ ಹೆಸರು, ಊರು, ಕಾಫಿಯ ಬಗೆ ಚೆರಿಯೋ ಪಾರ್ಚ್‌ಮೆಂಟೋ, ಎಷ್ಟು ಕೆಜಿ, ಎಲ್ಲಾ ಕನ್ನಡದಲ್ಲಿ. ವಿಂಡೋಸ್‌ನಲ್ಲಿ ಚೆನ್ನಾಗಿತ್ತು. ಹಳೇ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿದ ಮೇಲೆ ‘ಗೋಣಿಕೊಪ್ಪ’ದಲ್ಲಿ ಒತ್ತು ಬರುತ್ತಿಲ್ಲ. ಎರಡು ‘ಪ’ ಅಕ್ಕಪಕ್ಕ ನಿಂತಿವೆ, ನಡುವೆ ಹಲಂತದ ಗುರುತು (್). ಫಾಂಟ್ ಬದಲಿಸಿ ಬದಲಿಸಿ ಸಾಕಾಯಿತು. ಸೀಸನ್ ಶುರುವಾಗುತ್ತಿದೆ.

ಮೇಡಂ: ಇದನ್ನು ಎಲ್ಲರೂ ಓದಿ. ಕನ್ನಡದಲ್ಲಿ ಪ್ರೋಗ್ರಾಮ್ ಮಾಡುವವರಿಗೆ ಇದು ಒಂದಲ್ಲ ಒಂದು ದಿನ ಎದುರಾಗುತ್ತದೆ.

ಯೂನಿಕೋಡ್‌ನಲ್ಲಿ ‘ಪ್ಪ’ ಅನ್ನುವ ಒಂದೇ ಅಕ್ಷರ ಇಲ್ಲ. ಪ, ಹಲಂತ, ಪ ಅಂತ ಮೂರು ಚಿಹ್ನೆ ಇರುತ್ತವೆ. ಈ ಮೂರು ಸೇರಿದರೆ ಎರಡನೆಯದನ್ನು ಒತ್ತು ಮಾಡಿ ಕೆಳಗೆ ಇಡು ಅನ್ನುವ ಸೂಚನೆ ಫಾಂಟ್ ಒಳಗೇ ಇದೆ. ಆದರೆ ಆ ಸೂಚನೆಯನ್ನು ಓದಿ ಜೋಡಿಸುವವರು ಬೇರೆ ಬೇಕು. ವಿಂಡೋಸ್‌ನಲ್ಲಿ ಅದರದೇ ಭಾಗವಾದ ಯೂನಿಸ್ಕ್ರೈಬ್ ಆ ಕೆಲಸ ಮಾಡುತ್ತಿತ್ತು. ಲಿನಕ್ಸ್‌ನಲ್ಲಿ ಟಿಕಿಂಟರ್‌ನ ಹಿಂದಿರುವ ಟಿಕೆ 8.6, ಅಕ್ಷರ ಬಿಡಿಸುವ ಎಕ್ಸ್‌ಎಫ್‌ಟಿ ಲೈಬ್ರರಿ ಮೂಲಕ ಒಂದೊಂದೇ ಚಿಹ್ನೆಯನ್ನು ಬಿಡಿಸುತ್ತಾ ಹೋಗುತ್ತದೆ. ಜೋಡಿಸುವ ಹಂತವೇ ಇಲ್ಲ. ನೋಟೋ ಫಾಂಟ್ ಹಾಕಿ, ಕೇದಗೆ ಹಾಕಿ, ಮಲ್ಲಿಗೆ ಹಾಕಿ, ಒತ್ತು ಬರುವುದಿಲ್ಲ.

ನಂಬಿಕೆ ಬರದಿದ್ದರೆ ಅದೇ ಹೆಸರನ್ನು ಅದೇ ಫಾಂಟ್‌ನಲ್ಲಿ ಲಿಬ್ರೆ ಆಫೀಸ್‌ನಲ್ಲಿ ಬರೆದು ನೋಡಿ. ಅಲ್ಲಿ ಸರಿ ಬಂದರೆ ಫಾಂಟ್‌ನಲ್ಲಿ ತಪ್ಪಿಲ್ಲ.

ದಾರಿ ಎರಡು. ವಿಂಡೋಸ್‌ಗೆ ವಾಪಸ್ ಹೋಗಿ, ಇಲ್ಲವೇ ಪರದೆಯ ಭಾಗವನ್ನು ಕ್ಯೂಟಿ ಅಥವಾ ಜಿಟಿಕೆ ಅನ್ನುವ ಬೇರೆ ಲೈಬ್ರರಿಯಲ್ಲಿ ಬರೆಯಿರಿ. ಇವೆರಡರಲ್ಲೂ ಅಕ್ಷರ ಜೋಡಿಸುವ ಹಾರ್ಫ್‌ಬಝ್ ಒತ್ತು ಕೂರಿಸುತ್ತದೆ. ತೂಕದ ಲೆಕ್ಕ, ಡೇಟಾಬೇಸ್ ಕೋಡ್ ಬೇರೆ ಫೈಲ್‌ನಲ್ಲಿ ಇದ್ದರೆ ಅದನ್ನು ಮುಟ್ಟಬೇಕಾಗಿಲ್ಲ. ಮೊದಲು ಒಂದು ಲೇಬಲ್ ಇರುವ ಸಣ್ಣ ಕಿಟಕಿ ಮಾಡಿ ನೋಡಿ. ಡೇಟಾಬೇಸ್‌ನಲ್ಲಿರುವ ಹೆಸರುಗಳನ್ನು ಮಾತ್ರ ಏನೂ ಮಾಡಬೇಡಿ. ಅವು ಸರಿಯಾಗಿಯೇ ಇವೆ.

ಸೋಮವಾರಪೇಟೆ: ಇಷ್ಟೆಲ್ಲಾ ಯಾಕೆ? ಎಲ್ಲವನ್ನೂ ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟ್‌ಗೆ ಬದಲಿಸಿ. ಎಲ್ಲಿ ಬೇಕಾದರೂ ಒತ್ತು ಸರಿಯಾಗಿ ಬರುತ್ತೆ.

ವಿರಾಜಪೇಟೆ: ಅಣ್ಣ, ಹಾಗೆ ಮಾಡಿದರೆ ಡೇಟಾಬೇಸ್ ಒಳಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳೇ ತುಂಬುತ್ತವೆ. ಫಾಂಟ್ ಇಲ್ಲದ ಕಡೆ ತೆರೆದರೆ ಯಾರ ಹೆಸರೂ ಓದಲಾಗದು.

ಸೋಮವಾರಪೇಟೆ: ನಮ್ಮ ಪ್ರೆಸ್‌ನವರು ಈಗಲೂ ಅದರಲ್ಲೇ ಕೇಳ್ತಾರೆ. ಕೆಲಸ ನಡೆಯುತ್ತಿಲ್ವಾ?

ವಿರಾಜಪೇಟೆ: ಪ್ರೆಸ್‌ಗೆ ಕೊಡುವಾಗ ಒಂದು ಪ್ರತಿ ಬದಲಿಸಿ ಕೊಡಿ. ಮೂಲವನ್ನೇ ಯಾಕೆ ಹಾಳು ಮಾಡ್ತೀರಿ?

ಸೋಮವಾರಪೇಟೆ: ಹಾಳು ಅನ್ನಬೇಡಿ. ನೀವು ಕೀಬೋರ್ಡ್ ಮುಟ್ಟುವ ಮೊದಲೇ ನಾನು ಕನ್ನಡ ಟೈಪ್ ಮಾಡ್ತಿದ್ದೆ.

ಮೇಡಂ: ವಿರಾಜಪೇಟೆಯವರು ಹೇಳಿದ್ದೇ ಸರಿ. ಹಳೇ ಎನ್‌ಕೋಡಿಂಗ್‌ಗೆ (ಅಕ್ಷರ ಉಳಿಸುವ ಹಳೇ ಕ್ರಮಕ್ಕೆ) ಹೋದರೆ ಹುಡುಕಾಟ, ಅಕಾರಾದಿ ಎರಡೂ ಕೆಡುತ್ತವೆ. ಕಾಣುವ ತೊಂದರೆಗೆ ಡೇಟಾ ಬದಲಿಸಬಾರದು.

ಮಡಿಕೇರಿ: ಮೇಡಂ, ಹೋಂಸ್ಟೇ ಬುಕಿಂಗ್ ಪಟ್ಟಿ, ಟಿಕಿಂಟರ್‌ನಲ್ಲಿ ಪಟ್ಟಿ ತೋರಿಸುವ ಟ್ರೀವ್ಯೂ, ವಿಂಡೋಸ್. ಅಮ್ಮನಿಗೆ ಕಾಣಲಿ ಅಂತ ಫಾಂಟ್ 16 ಮಾಡಿದೆ. ಒತ್ತುಗಳ ಕೆಳಭಾಗ ಕತ್ತರಿಸಿ ಹೋಗುತ್ತಿದೆ.

ಮೇಡಂ: ಫಾಂಟ್ ದೊಡ್ಡದಾದರೂ ಟ್ರೀವ್ಯೂ ಸಾಲಿನ ಎತ್ತರ ತಾನಾಗಿ ಬೆಳೆಯುವುದಿಲ್ಲ, 20 ಪಿಕ್ಸೆಲ್‌ನಲ್ಲೇ ಇರುತ್ತದೆ. ಇಂಗ್ಲಿಷ್ ಹೇಗೋ ಹಿಡಿಸುತ್ತದೆ, ನಮ್ಮ ಒತ್ತುಗಳಿಗೆ ಜಾಗ ಸಾಲದು. ಫಾಂಟ್‌ನ ಮೆಟ್ರಿಕ್ಸ್‌ನಿಂದ (ಅಳತೆಗಳಿಂದ) ‘ಲೈನ್‌ಸ್ಪೇಸ್’ ಅಂದರೆ ಒಂದು ಸಾಲಿಗೆ ಬೇಕಾದ ಎತ್ತರ ಕೇಳಿ, ಸ್ವಲ್ಪ ಸೇರಿಸಿ, ಅದನ್ನೇ ಪಟ್ಟಿಯ ಸಾಲಿನ ಎತ್ತರವಾದ ‘ರೋಹೈಟ್’ಗೆ ಕೊಡಿ. ಸುಮ್ನೆ ಅಂದಾಜಿಗೆ 40 ಅಂತ ಬರೆಯಬೇಡಿ, ಬೇರೆ ಪರದೆಯಲ್ಲಿ ಮತ್ತೆ ಕೆಡುತ್ತದೆ.

ನಾಪೋಕ್ಲು: ಕೊಡವ ತಕ್ಕ್‌ನ (ಕೊಡವ ಭಾಷೆಯ) ಕೆಲವು ಸ್ವರಗಳಿಗೆ ಕನ್ನಡ ಲಿಪಿಯಲ್ಲಿ ಬೇರೆ ಗುರುತು ಬೇಕು. ಫಾಂಟ್‌ಗೆ ನಾವೇ ಸೇರಿಸಬಹುದಾ ಮೇಡಂ?

ಸಿದ್ದಾಪುರ: ಬಟನ್ ಬಣ್ಣ ಬದಲಾಗ್ತಿಲ್ಲ. ವಿಂಡೋಸ್.

ಮೇಡಂ: ಮೇಲೆ ಉತ್ತರಿಸಿದ್ದೇನೆ.

ಶನಿವಾರಸಂತೆ: ಫಾರ್ವರ್ಡ್ ಬಂದಿದೆ, ಎಲ್ಲರಿಗೂ ಉಪಯೋಗ ಆಗಲಿ. ‘ಫಾಂಟ್ಸ್ ಫೋಲ್ಡರ್ ಖಾಲಿ ಮಾಡಿ, ಈ ರಿಜಿಸ್ಟ್ರಿ ಫೈಲ್ ಒತ್ತಿ, ಎಲ್ಲಾ ಪ್ರೋಗ್ರಾಮ್‌ನಲ್ಲೂ ಕನ್ನಡ ಫಾಂಟ್ ಬರುತ್ತದೆ.’

ಮೇಡಂ: ಯಾರೂ ಒತ್ತಬೇಡಿ. ವಿಂಡೋಸ್ ತನ್ನ ಮೆನು, ಕಿಟಕಿಗಳಿಗೆ ಬಳಸುವ ಫಾಂಟ್‌ಗಳೂ ಅದೇ ಫೋಲ್ಡರ್‌ನಲ್ಲಿವೆ. ಯಾರೋ ಬರೆದ ರಿಜಿಸ್ಟ್ರಿ ಫೈಲ್ ವಿಂಡೋಸ್ ಸೆಟ್ಟಿಂಗ್‌ಗಳಲ್ಲಿ ಏನೇನು ಬದಲಿಸುತ್ತದೆ ಅಂತ ನೀವು ತೆರೆದು ನೋಡಿದ್ದೀರಾ? ನಿಮ್ಮ ಪ್ರೋಗ್ರಾಮ್‌ಗೆ ಫಾಂಟ್ ಬೇಕಾದರೆ ಪ್ರೋಗ್ರಾಮ್ ಜೊತೆಗೇ ಕೊಡಿ. ಕ್ಯೂಟಿಯಲ್ಲಿ ‘ಆಡ್ ಅಪ್ಲಿಕೇಶನ್ ಫಾಂಟ್’ ಇದೆ. ಅದು ಮೈನಸ್ 1 ಕೊಟ್ಟರೆ ಫೈಲ್ ಲೋಡ್ ಆಗಿಲ್ಲ ಅಂತ ಅರ್ಥ. ಅಡ್ಮಿನ್, ಆ ಫೈಲ್ ತೆಗೆಯಿರಿ.

ಶನಿವಾರಸಂತೆ: ಒಳ್ಳೆಯದಕ್ಕೇ ಹಾಕಿದ್ದು. ಇಷ್ಟು ಸಿಟ್ಟು ಯಾಕೆ?

ಮೇಡಂ: ಯಾರದೋ ಅಂಗಡಿ ಕಂಪ್ಯೂಟರ್ ಕೆಟ್ಟು ಬಿಲ್ಲಿಂಗ್ ನಿಲ್ಲುತ್ತದೆ. ಅದಕ್ಕೆ.

ಸೋಮವಾರಪೇಟೆ: ಇಲ್ಲಿ ಮೇಡಂ ಹೇಳಿದ್ದು ಬಿಟ್ಟು ಬೇರೆ ಮಾತಾಡೋ ಹಾಗಿಲ್ಲ ಅನ್ಸುತ್ತೆ.

ವಿರಾಜಪೇಟೆ: ಗೊತ್ತಿರುವವರು ಹೇಳುವಾಗ ಕೇಳಬೇಕು ಅಲ್ವಾ?

ಅಡ್ಮಿನ್: ಇಬ್ಬರೂ ಸಾಕು ಮಾಡಿ. ಫೈಲ್ ತೆಗೆದಿದ್ದೇನೆ.

ಸುಂಟಿಕೊಪ್ಪ: ಟಿಟಿಕೆ ಬಟನ್ ಬಣ್ಣ...

ಮೇಡಂ: ಕ್ಲಾಮ್. ಮೇಲೆ ಓದಿ.

ಗೋಣಿಕೊಪ್ಪ: ಮೇಡಂ, ಕ್ಯೂಟಿಯಲ್ಲಿ ಸಣ್ಣ ಕಿಟಕಿ ಮಾಡಿದೆ. ಒತ್ತು ಸರಿಯಾಗಿ ಬಂತು! ಇನ್ನೊಂದು ತೊಂದರೆ. ತೂಕದ ಚೀಟಿಯಲ್ಲಿ ಜಾಗ ಕಮ್ಮಿ, ಹೆಸರನ್ನು 12 ಅಕ್ಷರಕ್ಕೆ ಕತ್ತರಿಸುತ್ತೇನೆ. ಕೆಲವರ ಹೆಸರು ಹಲಂತಕ್ಕೆ ನಿಲ್ಲುತ್ತದೆ.

ಮೇಡಂ: ಪೈಥಾನ್ ಎಣಿಸುವುದು ಚಿಹ್ನೆಗಳನ್ನು. ‘ಗೋಣಿಕೊಪ್ಪ’ ಕಣ್ಣಿಗೆ 4 ಅಕ್ಷರ, ಪೈಥಾನ್‌ಗೆ 9. ಎಣಿಸಿ ಕತ್ತರಿಸಿದರೆ ಒತ್ತಿನ ಮಧ್ಯಕ್ಕೇ ಕತ್ತರಿ ಬೀಳುತ್ತದೆ. ಫಾಂಟ್ ಮೆಟ್ರಿಕ್ಸ್‌ನ ‘ಹಾರಿಜಾಂಟಲ್ ಅಡ್ವಾನ್ಸ್’ನಿಂದ ಅಗಲವನ್ನು ಅಳೆಯಿರಿ. ಹಿಡಿಸದಿದ್ದರೆ ಎರಡನೇ ಸಾಲಿಗೆ ಬಿಡಿ. ಮನೆತನದ ಹೆಸರು ಸೇರಿ ನಿಮ್ಮ ಕಡೆಯ ಹೆಸರುಗಳು ಉದ್ದವೇ ಇರುತ್ತವೆ. ದುಡ್ಡಿನ ಚೀಟಿ ಅದು, ಹೆಸರು ಪೂರ್ತಿ ಇರಲಿ.

ಗೋಣಿಕೊಪ್ಪ: ಎರಡು ಸಾಲು ಮಾಡಿದೆ ಮೇಡಂ. ಹಿಡಿಸಿತು.