ಹಸಿರು ಛಾಯೆಯ ಟ್ರೀಟೆಡ್ ಹಲಗೆಯಲ್ಲಿ ತರಕಾರಿ ಮಡಿ ಕಟ್ಟಬಹುದಾ?

ಕೈತೋಟ_ಕುವೆಂಪುನಗರ:
ಮೈಸೂರಲ್ಲಿ ಮನೆ ಹಿಂದೆ 8 ಅಡಿ ಉದ್ದ, 4 ಅಡಿ ಅಗಲ, 1 ಅಡಿ ಎತ್ತರದ ಏರುಮಡಿ ಕಟ್ಟಬೇಕು. ಟಿಂಬರ್ ಡಿಪೋದಲ್ಲಿ ಎರಡು ಬಗೆ ಸಿಗ್ತಿದೆ. ಒಂದು ಹಸಿರು ಛಾಯೆಯ ಪೈನ್ ಹಲಗೆ. ‘ಕೆಮಿಕಲ್ ಕುಡಿಸಿದೆ, ಗೆದ್ದಲು ಮುಟ್ಟಲ್ಲ’ ಅಂತಾರೆ, ಯಾವ ಕೆಮಿಕಲ್ ಅಂದ್ರೆ ಉತ್ತರ ಇಲ್ಲ. ಇನ್ನೊಂದು ಹಳೇ ರೈಲ್ವೆ ಸ್ಲೀಪರ್. ಹಾಕೋದು ದಂಟು, ಮೆಂತ್ಯ, ಮೂಲಂಗಿ, ಒಂದೆರಡು ಈರನಗೆರೆ ಬದನೆ. ವಿಷ ಸೊಪ್ಪಿಗೆ ಇಳಿಯುತ್ತಾ? ಒಳಗೆ ಪ್ಲಾಸ್ಟಿಕ್ ಹೊದಿಸಿದರೆ ಸಾಕಾ?

ಚೇಗುಮರ:
ಸ್ಲೀಪರ್ ಬೇಡವೇ ಬೇಡ. ಅದಕ್ಕೆ ಕುಡಿಸೋದು ಕ್ರಿಯೋಸೋಟ್, ಕಲ್ಲಿದ್ದಲಿನ ಟಾರಿನಿಂದ ಇಳಿಸಿದ ಎಣ್ಣೆ. ಅದರಲ್ಲಿ ಕ್ಯಾನ್ಸರ್ ತರೋ ಅಂಶಗಳಿವೆ. ಎಷ್ಟೇ ಹಳೇದಾದರೂ ಮಾರ್ಚ್-ಏಪ್ರಿಲ್ ಬಿಸಿಲಿಗೆ ಕಪ್ಪಗೆ ಜಿನುಗುತ್ತೆ, ತಾಕಿದ ಚರ್ಮ ಉರಿಯುತ್ತೆ.

ಹಲಗೆಯ ಹಸಿರು ತಾಮ್ರದ್ದು. ಪ್ರಶ್ನೆ ಇರೋದು ತಾಮ್ರದ ಜೊತೆ ಇನ್ನೇನಿದೆ ಅನ್ನೋದರಲ್ಲಿ. ಸಿಸಿಎ ಅನ್ನೋ ಕೆಮಿಕಲ್ ಆದರೆ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮೂರೂ ಇರುತ್ತೆ. ಇದನ್ನ 1930ರ ದಶಕದಲ್ಲಿ ಡೆಹ್ರಾಡೂನ್ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಕಂಡುಹಿಡಿದದ್ದು ನಮ್ಮವರೇ, ಸೊಂಟಿ ಕಾಮೇಶಂ. ಅಮೆರಿಕದಲ್ಲಿ 2003ರ ಕೊನೆಗೆ ಮನೆಬಳಕೆಯ ಮರಕ್ಕೆ ಇದನ್ನ ನಿಲ್ಲಿಸಿದರು. ಇದರ ಬದಲಿಗೆ ಆಮೇಲೆ ಬಂದ ಕೆಮಿಕಲ್‌ಗಳಾದ ಎಸಿಕ್ಯೂ, ಕಾಪರ್ ಅಜೋಲ್‌ಗಳಲ್ಲಿ ಆರ್ಸೆನಿಕ್ ಇಲ್ಲ, ಆದರೆ ಅವೂ ಹಸಿರೇ. ಕಣ್ಣಲ್ಲಿ ನೋಡಿ ಬೇರ್ಪಡಿಸೋಕೆ ಆಗಲ್ಲ. ಕೆಮಿಕಲ್ ಹೆಸರು ಬಿಲ್‌ನಲ್ಲಿ ಬರೆದುಕೊಡದಿದ್ದರೆ ಸಿಸಿಎ ಅಂತಲೇ ಲೆಕ್ಕ ಹಾಕಿ.

ಇಳಿಯುತ್ತಾ ಅಂದ್ರೆ, ಇಳಿಯುತ್ತೆ. ಹೆಚ್ಚಿನ ಪಾಲು ಹಲಗೆಯಿಂದ ಒಂದು ಗೇಣಿನೊಳಗಿನ ಮಣ್ಣಲ್ಲೇ ನಿಲ್ಲುತ್ತೆ. ನಮ್ಮ ಕೆಂಪು ಮಣ್ಣಿನ ಕಬ್ಬಿಣದ ಅಂಶ ಆರ್ಸೆನಿಕ್ಕನ್ನ ಹಿಡಿದಿಟ್ಟುಕೊಳ್ಳುತ್ತೆ, ಅದೊಂದು ಸಮಾಧಾನ. ಬದನೆ, ಟೊಮೆಟೊ ಕಾಯಿಗೆ ಹೋಗೋದು ತೀರಾ ಕಮ್ಮಿ. ಸೊಪ್ಪು, ಗೆಡ್ಡೆಗೆ ಜಾಸ್ತಿ, ಮೇಲೆ ಅಂಟಿದ ಮಣ್ಣಿನ ಲೆಕ್ಕ ಬೇರೆ. ನಿಮ್ಮ ಪಟ್ಟಿ ನೋಡಿದರೆ ಮುಕ್ಕಾಲು ಪಾಲು ಅದೇ ಇದೆ.

ಮಣ್ಣುಮಡಿ_ಮಂಡ್ಯ:
ಮೇಲಿನವರು ಹೇಳಿದ್ದು ಸರಿ. ಆದರೆ ಎಸಿಕ್ಯೂ ಅಂತ ಬರೆದುಕೊಟ್ಟರೆ ನನ್ನ ಪ್ರಕಾರ ಭಯಪಡೋ ಅಗತ್ಯ ಇಲ್ಲ, ಪ್ಲಾಸ್ಟಿಕ್ ಹೊದಿಸಿ ಬಳಸಬಹುದು. ಕೃಷಿ ಹೊಂಡಕ್ಕೆ ಹಾಸೋ 500 ಮೈಕ್ರಾನ್ ಹಾಳೆ ತಗೊಳ್ಳಿ. ನಾಲ್ಕೂ ಗೋಡೆಗೆ ಮಾತ್ರ ಹೊದಿಸಿ, ತಳಕ್ಕೆ ಹಾಸಬೇಡಿ, ನೀರು ನಿಂತು ಬೇರು ಕೊಳೆಯುತ್ತೆ. ಹಾಳೆ ಮಡಿಯ ತಳಕ್ಕಿಂತ 4 ಇಂಚು ಕೆಳಗೆ ನೆಲದೊಳಗೆ ಇಳಿಯಲಿ. ಪಿನ್ ಹೊಡೆಯೋದು ಮೇಲಂಚಿಗೆ ಮಾತ್ರ. ನಡುವೆ ಹೊಡೆದ ಒಂದೊಂದು ತೂತೂ ನೀರಿಗೆ ದಾರಿ. ಸಾದಾ ಕಬ್ಬಿಣದ ಮೊಳೆ ಬೇಡ, ತಾಮ್ರ ಕುಡಿದ ಮರದಲ್ಲಿ ಬೇಗ ತುಕ್ಕು ತಿನ್ನುತ್ತೆ. ಸ್ಟೇನ್‌ಲೆಸ್ ಸ್ಕ್ರೂ ಹಾಕಿ.

ಎಲ್ಲರೂ ಎಡವೋದು ಉಳಿದ ತುಂಡಿನಲ್ಲಿ. ಆಚಾರಿ ಕೊಯ್ದು ಬಿಟ್ಟ ಚಕ್ಕೆ ಬಚ್ಚಲು ಒಲೆಗೆ ಹೋಗುತ್ತೆ, ಆ ಬೂದಿಯನ್ನ ಹುಳಕ್ಕೆ ಅಂತ ಬದನೆ ಗಿಡದ ಮೇಲೆ ಉದುರಿಸ್ತಾರೆ. ಸಿಸಿಎ ಮರ ಸುಟ್ಟರೆ ಆರ್ಸೆನಿಕ್ ಸ್ವಲ್ಪ ಹೊಗೇಲಿ ಹೋಗುತ್ತೆ, ಮಿಕ್ಕಿದ್ದು ಬೂದೀಲೇ ಇರುತ್ತೆ. ಹಲಗೆಯಿಂದ ವರ್ಷಗಟ್ಟಲೆ ಜಿನುಗೋದಕ್ಕಿಂತ ಆ ಒಂದು ಹಿಡಿ ಬೂದಿ ಕೆಟ್ಟದ್ದು. ಗರಗಸದ ಹೊಟ್ಟನ್ನೂ ಗೊಬ್ಬರದ ಗುಂಡಿಗೆ ಹಾಕಬೇಡಿ.

ಕೈತೋಟ_ಕುವೆಂಪುನಗರ:
ಬಿಲ್‌ನಲ್ಲಿ ಬರೆದುಕೊಡಲ್ಲ ಅಂದ್ರು. ಹಾಗಾದ್ರೆ ಫ್ಯಾಕ್ಟರಿಗಳಿಂದ ಬರೋ ಹಳೇ ಪ್ಯಾಲೆಟ್ ಆಗುತ್ತಾ? ಇಲ್ಲ, ಸಾದಾ ನೀಲಗಿರಿ ಹಲಗೆಗೆ ವೇಸ್ಟ್ ಆಯಿಲ್ ಬಳಿದರೆ?

ಚೇಗುಮರ:
ವೇಸ್ಟ್ ಆಯಿಲ್ ಬೇಡ. ಎಂಜಿನ್ ಒಳಗೆ ಕಾದು ಕೆಟ್ಟ ಎಣ್ಣೆ ಅದು, ಸವೆದ ಲೋಹವೆಲ್ಲ ಅದರಲ್ಲೇ ಇರುತ್ತೆ. ಸ್ಲೀಪರ್ ಬಿಟ್ಟು ಇದನ್ನ ಹಿಡಿದ ಹಾಗಾಗುತ್ತೆ. ಪ್ಯಾಲೆಟ್ ಮೇಲೆ ತೆನೆ ಗುರುತಿನ ಸೀಲ್ ಹುಡುಕಿ. ‘ಎಚ್‌ಟಿ’ ಅಂದ್ರೆ ಬರೀ ಕಾಯಿಸಿದ್ದು, ಅದು ಆಗಬಹುದು. ‘ಎಂಬಿ’ ಅಂದ್ರೆ ಮೀಥೈಲ್ ಬ್ರೋಮೈಡ್ ಅನಿಲ ಕೊಟ್ಟಿದ್ದು, ಬಿಡಿ. ಎಚ್‌ಟಿ ಇದ್ದರೂ ಕಲೆ, ವಾಸನೆ ಇದ್ದರೆ ಬೇಡ, ಮೇಲೆ ಏನು ಚೆಲ್ಲಿತ್ತೋ ಯಾರಿಗೆ ಗೊತ್ತು. ಕಾಯಿಸಿದ ಮಾತ್ರಕ್ಕೆ ಗೆದ್ದಲು ಬಿಡೋದೂ ಇಲ್ಲ.

ಮಣ್ಣುಮಡಿ_ಮಂಡ್ಯ:
ಇಷ್ಟೆಲ್ಲ ಯಾಕೆ ಕಣ್ರೀ, ನಮ್ಮ ಕಡೆ ಕಲ್ಲಿಗೇನು ಬರ? ಒಂದೂವರೆ ಅಡಿ ಅಗಲದ ಚಪ್ಪಡಿ, ಉದ್ದ ಒಟ್ಟು 24 ಅಡಿ. ಅರ್ಧ ಅಡಿ ನೆಲದಲ್ಲಿ ಹೂತರೆ ಮುಗೀತು. ಚಪ್ಪಡಿ ಸಿಗದಿದ್ದರೆ 16×8×6 ಇಂಚಿನ ಸಾಲಿಡ್ ಬ್ಲಾಕ್, ವರಸೆಗೆ 20ರಂತೆ ಎರಡು ವರಸೆ, ಒಟ್ಟು 40. ಕೆಳಗಿನ ವರಸೆ 4 ಇಂಚು ನೆಲದೊಳಗೆ ಇರಲಿ. ಹೊಸ ಬ್ಲಾಕ್ ಸುಣ್ಣ ಬಿಡುತ್ತೆ, ವಾರ ಹತ್ತು ದಿನ ನೀರು ಹೊಡೆದು ಆಮೇಲೆ ಮಣ್ಣು ತುಂಬಿ. 32 ಘನ ಅಡಿ ಹಿಡಿಯುತ್ತೆ. ಮರವೇ ಬೇಕು ಅಂದ್ರೆ ಚೇಗು (ಮರದ ಗಟ್ಟಿ ನಡುಭಾಗ) ತುಂಬಿದ ತೇಗ ಅಥವಾ ಹೊನ್ನೆ, ಬಿಳಿ ಭಾಗ ತೆಗೆಸಿ.

ಸಾಯಿಲ್_ಟೆಸ್ಟ್:
ಈಗಾಗಲೇ ಹಸಿರು ಹಲಗೆ ಹಾಕಿರೋರಿಗೆ ಒಂದು ಮಾತು. ಮಣ್ಣು ಆರೋಗ್ಯ ಚೀಟಿಯಲ್ಲಿ ಬರೋ 12 ಅಂಶಗಳಲ್ಲಿ ತಾಮ್ರ ಇದೆ, ಆರ್ಸೆನಿಕ್ ಇಲ್ಲ. ಚೀಟಿ ನೋಡಿ ‘ಎಲ್ಲ ಸರಿಯಿದೆ’ ಅಂದುಕೊಳ್ಳಬೇಡಿ. ಆರ್ಸೆನಿಕ್ ಬೇಕು ಅಂತ ಬರೆದು ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡೋ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿಗೆ ಕೊಡಬೇಕು. ಹಲಗೆಯಿಂದ 2 ಇಂಚಿನಲ್ಲಿ ಒಂದು ಸ್ಯಾಂಪಲ್, ಮಡಿಯ ನಡುವೆ ಒಂದು, ಎರಡನ್ನೂ ಬೆರೆಸದೆ ಬೇರೆ ಬೇರೆ ಕವರಿನಲ್ಲಿ ಕೊಡಿ. ವರದಿ ಬರೋ ತನಕ ಅಂಚಿನ ಒಂದು ಅಡಿಯಲ್ಲಿ ಚೆಂಡು ಹೂವು ಹಾಕಿಕೊಳ್ಳಿ.